ಮತ್ತ ಚೇಂಬರ್ ಉಕ್ಕ್ಯಾದ: ಕ್ವಾರ್ಟರ್ಸ್ ಗುಂಪು, ರಾಯಚೂರು

ಎ-2 (ರಾತ್ರಿ 2:47): ಯಾರಾದ್ರೂ ಎದ್ದೀರೇನು? ಮತ್ತ ಚರಂಡಿ ಚೇಂಬರ್ ಉಕ್ಕ್ಯಾದ. ಬಚ್ಚಲ ತೂತಿನಿಂದ ಬುಡಬುಡ ಬರ್ಲಿಕತ್ತದ. ಅವ್ವನ್ನ ಮಂಚದ ಮ್ಯಾಲ ಕೂಡ್ಸೀನಿ, ಜ್ವಾಳದ ಚೀಲ ಅರ್ಧ ತೊಯ್ದು ಹೋಗ್ಯಾದ. ಮ್ಯಾಲಿನವರು ಬೆಳಗಾಗೋ ತನಕ ನೀರು ಬಿಡಬ್ಯಾಡ್ರಿ, ಕೈ ಮುಗೀತೀನಿ.

ಎ-2 (3:05): ಯಾರೋ ಈಗಷ್ಟ ಫ್ಲಶ್ ಮಾಡಿದ್ರಿ. ಕೇಳಿಸ್ತು ನನಗ.

ಎ-2 (5:40): 31 ಬಕೆಟ್ ಎತ್ತಿ ಹೊರಗ ಚೆಲ್ಲೀನಿ. ಇರೋದು 30 ಚದರ ಮೀಟರ್ ಮನಿ, ಒಂದು ಬಕೆಟ್‌ಗೆ ಒಂದು ಮೀಟರ್ ಬಂತು. ಗ್ರೌಂಡ್ ಫ್ಲೋರ್‌ನವರು ಮನುಷ್ಯಾರಲ್ಲೇನ್ರಿ?

ಸಿ-11 ಗ್ಯಾರೇಜ್: ನಾ ಮೊದಲಿಂದ ಹೇಳ್ಕೋತ ಬಂದೀನಿ. ಇದು ಬಿ ಬ್ಲಾಕ್ ಬಾಡಿಗಿಯವರ ಕೆಲಸ. ಚಿಂದಿ, ಅನ್ನ, ಕೂದಲ ಎಲ್ಲಾ ಅದರೊಳಗ.

ಬಿ-7: ಬೆಳಗ್ಗೆದ್ದು ಬಾಡಿಗಿಯವರ ಹೆಸರು ತಗೋಬ್ಯಾಡ್ರಿ ಅಣ್ಣ. ನಾವೇನು ಅನ್ನ ಚೆಲ್ಲೋವಷ್ಟು ಸಾವುಕಾರರಲ್ಲ.

ಸಿ-11 ಗ್ಯಾರೇಜ್: ಹಂಚಿಕಿ ಪತ್ರ ಓದ್ರಿ. ಬಾಡಿಗಿಗೆ ಕೊಡಂಗಿಲ್ಲ ಅಂತ ದಪ್ಪ ಅಕ್ಷರದಾಗ ಅದ.

ಸಿ-4: *ಫಾರ್ವರ್ಡ್* ಶುಭೋದಯ! ಖಾಲಿ ಹೊಟ್ಟೆಗೆ ಮೆಂತ್ಯದ ನೀರು ಕುಡೀರಿ, ಹತ್ತು ಮಂದಿಗೆ ಕಳಸ್ರಿ.

ಎ-2: ನಮ್ಮನಿಗೆ ಬರ್ರಿ ಅಕ್ಕ, ಬೇರೆ ನೀರು ಅದ.

ಬಿ-3 ಮೇಷ್ಟ್ರು: ಜಗಳ ಆಮ್ಯಾಲ. ಗುರುವಾರ ವಸತಿ ಯೋಜನೆಗಳ ಮೌಲ್ಯಮಾಪನಕ್ಕ ತಂಡ ಬರ್ತದಂತ. ಬರೇ ಚೇಂಬರ್ ಸ್ವಚ್ಛ ಮಾಡ್ರಿ ಅಂದ್ರ ಸಕಿಂಗ್ ಗಾಡಿ ಕಳಿಸಿ ಫೋಟೊ ಹೊಡ್ಕೊಂಡು ಹೋಗ್ತಾರ. 2015ರಾಗ ಪ್ರಧಾನಮಂತ್ರಿ ಆವಾಸ್ ಬಂದಾಗಿಂದ ಲೆಕ್ಕ ಅಂದ್ರ ಫೋಟೊನ. ತಳಪಾಯ ಆತು, ಲಿಂಟಲ್ ಆತು, ಛಾವಣಿ ಆತು, ಫೋಟೊಕ್ಕ ಜಾಗದ ಗುರುತು ಹಚ್ಚಿ ಜಿಯೋ ಟ್ಯಾಗ್ ಮಾಡು. ಕಡೀಕ 'ಪೂರ್ಣ' ಅಂತ ಬಿದ್ದರ ಆ ಮನಿ ಕಡೆ ಯಾರೂ ತಿರುಗಿ ನೋಡಂಗಿಲ್ಲ. ನೆಲದೊಳಗಿನ ಪೈಪು ಮುಖ್ಯ ಕೊಳವಿಗೆ ಕೂಡ್ಯಾದೋ ಇಲ್ಲೋ, ಇಳಿಜಾರು ಎತ್ತಾಗದ, ಫೋಟೊದಾಗ ಕಾಣಂಗಿಲ್ಲ. ಒಂದು ಮಳಿಗಾಲ ದಾಟಿದ ಮ್ಯಾಲನ 'ಪೂರ್ಣ' ಅಂತ ಬರಕೋರಿ, ಅಲ್ಲಿ ತನಕ ರಿಪೇರಿಗೆ ರೊಕ್ಕ ತೆಗೆದಿಡ್ರಿ. ಇಷ್ಟ ಕೇಳೋಣು. ಪತ್ರ ನಾ ಬರೀತೀನಿ, ಸಹಿ ನೀವು ಹಾಕ್ರಿ.

ಎ-2: ಮೊದಲ ಸಹಿ ನಂದು.

ಎ-9: ಸರ್, ಅವರು ಹೆಂಗೂ ಬರ್ತಾರಲ್ಲ, ನನ್ನ ಮಗಗ ಪ್ರಧಾನಮಂತ್ರಿ ಆವಾಸ್ 2.0 ಒಳಗ ಅರ್ಜಿ ಹಾಕ್ಸಬೋದೇನ್ರಿ? ಎರಡೂವರಿ ಲಕ್ಷ ಕೊಡ್ತಾರಂತ.

ಬಿ-3 ಮೇಷ್ಟ್ರು: ಅದು 2024ರ ಸೆಪ್ಟೆಂಬರ್‌ದಿಂದ ಶುರು ಆಗ್ಯಾದಮ್ಮ. ಕಟ್ಟಿಸ್ಕೊಳ್ಳಾಕ ಸ್ವಂತ ಜಾಗ ಬೇಕು, ವರ್ಷದ ಆದಾಯ 3 ಲಕ್ಷದೊಳಗಿರಬೇಕು. ಹಿಂದಿನ 20 ವರ್ಷದಾಗ ಸರ್ಕಾರದ ಮನಿ ತಗೊಂಡವರಿಗೆ ಇಲ್ಲ.

ಸಿ-11 ಗ್ಯಾರೇಜ್: ಅಂದ್ರ ನಮಗೆಲ್ಲಾ 20 ವರ್ಷ ಇದ ಬಚ್ಚಲ ಗಟ್ಟಿ.

ಸಿ-11 ಗ್ಯಾರೇಜ್: ಪತ್ರದಾಗ ಬಾಡಿಗಿ ವಿಷಯನೂ ಬರೀರಿ ಮೇಷ್ಟ್ರ. ಇಲ್ಲಂದ್ರ ನಾ ಸಹಿ ಹಾಕಂಗಿಲ್ಲ, ಸಿ ಬ್ಲಾಕ್‌ನವರೂ ಹಾಕಂಗಿಲ್ಲ.

ಬಿ-7: ಬರೀರಿ. ಮೊದಲು ಸಿ-12 ಯಾರ ಹೆಸರಿಲೆ ಅದ ಅಂತ ಬರೀರಿ. ಅಣ್ಣಾರ ತಂಗಿ ಹೆಸರಿಲೆ. ತಂಗಿ ಇರೋದು ಸಿಂಧನೂರಾಗ.

*ಸಿ-11 ಗ್ಯಾರೇಜ್ ಈ ಸಂದೇಶ ಅಳಿಸಿದ್ದಾರೆ*

*ಸಿ-11 ಗ್ಯಾರೇಜ್ ಈ ಸಂದೇಶ ಅಳಿಸಿದ್ದಾರೆ*

ಅಡ್ಮಿನ್: ಮನಿ ಮಾತು ಗುಂಪಿನಾಗ ಬ್ಯಾಡ. ಇಬ್ರೂ ಸುಮ್ಮನಾಗ್ರಿ.

ಎ-6: ಮೇಷ್ಟ್ರ, ಆ ತಂಡದವರು ಮನಿಮನಿಗೆ ಬಂದು ಆಧಾರ್ ಕೇಳ್ತಾರೇನು? ಹಂಗಿದ್ರ ಈ ಸಲ ಪತ್ರ ಬ್ಯಾಡ ಅನಸ್ತದ.

ಬಿ-10: ನಂದೂ ಅದ ಅಭಿಪ್ರಾಯ.

ಸಿ-4: ಇವತ್ತು ನಲ್ಲಿ ನೀರು ವಾಸನಿ ಬರ್ಲಿಕತ್ತದ, ಯಾರಾದ್ರೂ ನೋಡಿದ್ರೇನು?

ಎ-9: ಹೌದ್ರಿ, ಹಳದಿ ಬಣ್ಣ ಬೇರೆ. ಕುಡಿಯೋ ನೀರಿನ ಸಂಪ್‌ನಾಗ ಚೇಂಬರ್ ನೀರು ಕೂಡ್ಯಾದೇನೋ. ಕುಡೀಬ್ಯಾಡ್ರಿ. 2022ರಾಗ ನಮ್ಮೂರಾಗ ಏನಾತು ಮರತೀರೇನು, ಬರೇ ನೀರು ಕುಡದು ಜೀವ ಹೋದ್ವು.

ಸಿ-11 ಗ್ಯಾರೇಜ್: ಟ್ಯಾಂಕರ್‌ದವ ನನ್ನ ದೋಸ್ತ. ಈಗ ಹೇಳಿದ್ರ 11ಕ್ಕ ಕಳಸ್ತಾನ. ಮನಿಗೆ 50.

ಎ-6: ನಾ ಕೊಡ್ತೀನಿ.

ಬಿ-10: ನಾನೂ.

ಬಿ-7: ಬಾಡಿಗಿಯವರೂ ಕೊಡಬೋದೇನು?

ಸಿ-11 ಗ್ಯಾರೇಜ್: ಕೊಡ್ರಿ, ರೊಕ್ಕಕ್ಕೇನು ಹಂಚಿಕಿ ಪತ್ರ ಬೇಕಾ?

ಎ-2: ಮೇಷ್ಟ್ರ, ಪತ್ರ ಬರದ್ರೇನು? ಇಲ್ಲಿನ್ನೂ ಇಳಿದಿಲ್ಲ.

ಸಿ-4: ಅಣ್ಣ, ಟ್ಯಾಂಕರ್ ಯಾವ ಗೇಟಿಗೆ ಬರ್ತದ?

ಸಿ-11 ಗ್ಯಾರೇಜ್: ಹಿಂದಿನ ಗೇಟು. ಮುಂದ ಎ-2 ಅವರ ನೀರು ನಿಂತದ. ಕೊಡ ತಗೊಂಡು ಸಾಲು ಹಚ್ರಿ, ಮೊದಲು ಸಿ ಬ್ಲಾಕ್.