ಹಾಸಿಗೆ ಹಿಡಿದವರ ಆರೈಕೆ: ಚರ್ಮ, ಕೂದಲು, ಉಗುರು ಕುರಿತು ನರ್ಸಿಂಗ್ ಆಫೀಸರ್‌ಗೆ ಕೇಳಿ

ಅಮ್ಮು: ಡೆಂಗಿ ಬಂದು ಮೂರು ತಿಂಗಳಾಯ್ತು ಸಿಸ್ಟರ್. ಬಾಚಿದ್ರೆ ಕೂದಲು ಕಿತ್ತು ಬರ್ತಿದೆ.

ಸಿಸ್ಟರ್: ಜೋರು ಜ್ವರದ ನಂತರ 2–3 ತಿಂಗಳಿಗೆ ಹೀಗಾಗುತ್ತೆ, ಸಾಮಾನ್ಯವಾಗಿ ತಾನೇ ನಿಲ್ಲುತ್ತೆ. ಅಲ್ಲಲ್ಲಿ ದುಂಡಗೆ ಬೋಳಾಗ್ತಿದ್ರೆ ಡಾಕ್ಟರಿಗೆ ತೋರಿಸಿ.

ಮಲೆನಾಡಿನವಳು: ಸ್ಟ್ರೋಕ್ ಆದ್ಮೇಲೆ ಅಪ್ಪ ಮಲಗಿದಲ್ಲೇ. ಶುಗರ್ ಕೂಡ ಇದೆ. ಬೆನ್ನುಮೂಳೆ ಮುಗಿಯೋ ಕಡೆ ಅಂಗೈಯಗಲ ಕಪ್ಪಾಗಿದೆ. ಕೆಂಪಿಲ್ಲ, ಒಡೆದಿಲ್ಲ. ಮೈಬಣ್ಣವೇ ಕಪ್ಪು ಅಂತ ಸುಮ್ಮನಿದ್ವಿ. ಕೊಬ್ಬರಿ ಎಣ್ಣೆಗೆ ಕರ್ಪೂರ ಹಾಕಿ ತಿಕ್ಕಿ ಅಂತ ವಾಟ್ಸಾಪಲ್ಲಿ ಬಂದಿತ್ತು, ತಿಕ್ತಿದ್ದೀವಿ.

ಸಿಸ್ಟರ್: ತಿಕ್ಕೋದು ಈಗಲೇ ನಿಲ್ಲಿಸಿ. ಮೂಳೆಗೂ ಹಾಸಿಗೆಗೂ ನಡುವೆ ಸಿಕ್ಕ ಮಾಂಸಕ್ಕೆ ರಕ್ತ ಹರೀತಿಲ್ಲ, ತಿಕ್ಕಿದ್ರೆ ಇನ್ನಷ್ಟು ಹಾಳಾಗುತ್ತೆ. ಹೀಗೆ ಮಲಗಿದಲ್ಲೇ ಒತ್ತಿ ಆಗೋ ಒತ್ತಡದ ಹುಣ್ಣು ಕೆಂಪಿನಿಂದ ಶುರುವಾಗುತ್ತೆ ಅಂತ ಓದ್ತೀವಿ, ಕಪ್ಪು ಮೈಯಲ್ಲಿ ಆ ಕೆಂಪು ಕಾಣೋದೇ ಕಷ್ಟ. ಕೈಯಿಂದ ನೋಡಬೇಕು. ಹಗಲು ಬೆಳಕಲ್ಲಿ ಮಗ್ಗುಲಾಗಿಸಿ, ಬೆರಳಿನ ಹಿಂಭಾಗ ಆ ಜಾಗಕ್ಕಿಡಿ, ಆಮೇಲೆ ಪಕ್ಕದ ಚೆನ್ನಾಗಿರೋ ಚರ್ಮಕ್ಕಿಡಿ. ಬಿಸಿಯೋ, ತಣ್ಣಗೋ? ಗಟ್ಟಿಯೋ, ಕಲಸಿದ ಹಿಟ್ಟಿನ ಹಾಗೆ ಮೆತ್ತಗೋ? ಮುಟ್ಟಿದ್ರೆ ಮುಖ ಕಿವುಚ್ತಾರಾ? ನೇರಳೆ ಛಾಯೆ ಇದ್ದು ಮೆತ್ತಗಾಗಿದ್ರೆ ಮೇಲೆ ಚರ್ಮ ಚೆನ್ನಾಗಿ ಕಂಡರೂ ಒಳಗೆ ಕೊಳೀತಿರಬಹುದು. ಇವತ್ತೇ ಡಾಕ್ಟರಿಗೆ ತೋರಿಸಿ. ಅಲ್ಲಿವರೆಗೆ ಅಲ್ಲಿ ಭಾರ ಬೀಳದ ಹಾಗೆ 30 ಡಿಗ್ರಿ ಓರೆಯಾಗಿ ಮಲಗಿಸಿ. 2 ಗಂಟೆಗೊಮ್ಮೆ ಮಗ್ಗುಲು ಬದಲಿಸಿ. ಎಳೀಬೇಡಿ, ಇಬ್ಬರು ಹಿಡಿದು ಎತ್ತಿ. ಹಿಮ್ಮಡಿ ನೋಡಿದ್ರಾ? ಮೀನಖಂಡದ ಕೆಳಗೆ ದಿಂಬಿಟ್ಟು ಹಿಮ್ಮಡಿ ಹಾಸಿಗೆಗೆ ತಾಗದ ಹಾಗೆ ಇಡಿ.

ಗದಗಿನ ಮಾಸ್ತರ: ನಮ್ಮ ಅವ್ವನ್ನ ಗಾಳಿ ತುಂಬಿದ ದುಂಡನೆ ಟ್ಯೂಬಿನ ಮ್ಯಾಲ ಕುಂದ್ರಸ್ತಿದ್ವಿ, ಆರಾಮ ಆತು. ಎಣ್ಣಿ ತಿಕ್ಕೂದು ಹಿರ್ಯಾರಿಂದ ಬಂದದ್ದು.

ಸಿಸ್ಟರ್: ಟ್ಯೂಬ್ ಬೇಡ. ಅದರ ಅಂಚು ಸುತ್ತಲಿನ ಚರ್ಮ ಒತ್ತಿ ರಕ್ತ ತಡೆಯುತ್ತೆ.

ಮನು: ಉಗುರಲ್ಲಿ ಬಿಳಿ ಚುಕ್ಕೆ. ಕ್ಯಾಲ್ಸಿಯಂ ಕಮ್ಮಿನಾ?

ಸಿಸ್ಟರ್: ಅಲ್ಲ. ಹೆಚ್ಚಾಗಿ ಸಣ್ಣ ಪೆಟ್ಟಿನ ಗುರುತು.

ಐಸಿಯು ಹುಡುಗ: ಮಾಸ್ತರೇ, ನಿಮ್ಮ ಅವ್ವಗೆ ಹುಣ್ಣು ಇತ್ತಾ, ಇರಲಿಲ್ವಾ? ಇಲ್ಲದ ಹುಣ್ಣನ್ನ ಟ್ಯೂಬ್ ಹೆಂಗೆ ವಾಸಿ ಮಾಡ್ತು?

ಗದಗಿನ ಮಾಸ್ತರ: ತಮ್ಮಾ, ನೀ ಹುಟ್ಟೂಕಿಂತ ಮೊದ್ಲು ನಾ ಎರಡು ಮುದುಕರ ಆರೈಕಿ ಮಾಡೇನಿ.

ಶಾಂಭವಿ: ಮೆಹಂದಿ ಹಚ್ಚಿದ ಬೆರಳಿಗೆ ಆಕ್ಸಿಮೀಟರ್ ಹಾಕಬಹುದಾ?

ಐಸಿಯು ಹುಡುಗ: ವಯಸ್ಸು ಹೇಳಿ ತಪ್ಪಿಸ್ಕೋಬೇಡಿ.

ಮನು: ಮತ್ತೆ ಯೂಟ್ಯೂಬಲ್ಲಿ ಕ್ಯಾಲ್ಸಿಯಂ ಅಂದಿದ್ರಲ್ಲ?

ಸಿಸ್ಟರ್: ಮೇಲೆ ಹೇಳಿದ್ದೀನಿ.

ಗದಗಿನ ಮಾಸ್ತರ: ಅರಿಶಿನದ ಪಟ್ಟಿನೂ ನಡೀತೈತಿ, ಈಗ ವಿಡಿಯೊ ಹಾಕ್ತೀನಿ.

ಸಿಸ್ಟರ್: ಹಾಕಬೇಡಿ. ಇಂಥದ್ದನ್ನ ನಂಬಿ ಎಲುಬು ಕಾಣೋ ತನಕ ಮನೇಲೇ ಇಟ್ಕೊಂಡವರ ಡ್ರೆಸಿಂಗ್ ಮಾಡೋದು ನಾವು.

ಮಲೆನಾಡಿನವಳು: ನೋಡಿದೆ ಸಿಸ್ಟರ್. ಬಿಸಿ ಇದೆ, ಮೆತ್ತಗಿದೆ. ಎಡ ಹಿಮ್ಮಡಿನೂ ನೇರಳೆ ಆಗಿದೆ. ನಾಳೆ ಬೆಳಿಗ್ಗೆ ಕರ್ಕೊಂಡು ಹೋಗ್ಲಾ?

ಸಿಸ್ಟರ್: ಈಗಲೇ ಹೊರಡಿ. ಜ್ವರ ಇದೆಯಾ ನೋಡಿ, ಶುಗರ್ ಚೀಟಿ ತಗೊಂಡು ಹೋಗಿ. ಗಾಡಿಯಲ್ಲೂ ಓರೆಯಾಗೇ ಮಲಗಿಸಿ.

ಗದಗಿನ ಮಾಸ್ತರ: ಸುಮ್ನ ಹೆದರಸ್ತಾರ ನೋಡ್ರಿ.