‘ಸೇವೆ’ಯೋ, ‘ಕೊಡುಗೆ’ಯೋ: ಭೂಬಳಕೆ ಯೋಜನೆಯ ಒಂದು ಪದದ ಬಗ್ಗೆ

ಪದಚರ್ಚೆಯ ಬಳಗಕ್ಕೆ ಶಿರಸಿಯಿಂದ ನಮಸ್ಕಾರ.

ಅಘನಾಶಿನಿ ಹೊಳೆ ಕಡಲು ಸೇರುವ ಅಳಿವೆಯ ಅಂಚಿನ ಗ್ರಾಮಗಳಿಗಾಗಿ ಬರೆದ ಭೂಬಳಕೆ ಯೋಜನೆಯ ಕೈಪಿಡಿಯೊಂದನ್ನು ಕನ್ನಡಕ್ಕೆ ತರುವ ಕೆಲಸ ಎರಡು ತಿಂಗಳಿನಿಂದ ನನ್ನ ಪಾಲಿಗೆ ಬಂದಿದೆ. ಅದರಲ್ಲಿ ಪುಟಕ್ಕೆ ನಾಲ್ಕು ಬಾರಿ ಎದುರಾಗುವ ‘ಇಕೋಸಿಸ್ಟಂ ಸರ್ವಿಸಸ್’ (ಕಾಡು, ಹೊಳೆ, ನೆಲಗಳಿಂದ ಜನರಿಗೆ ಸಿಗುವ ಪ್ರಯೋಜನಗಳು) ಎಂಬುದಕ್ಕೆ, ರೂಢಿಯಲ್ಲಿರುವಂತೆ, ‘ಪರಿಸರ ವ್ಯವಸ್ಥೆಯ ಸೇವೆಗಳು’ ಎಂದು ಬರೆದು ಮುಂದೆ ಸಾಗಿದ್ದೆ. ಕರಡನ್ನು ಓದಿ ಹೇಳಲು ಕುಮಟಾ ತಾಲೂಕಿನ ಒಂದು ಊರಿಗೆ ಹೋದಾಗ, ಉಪ್ಪುನೀರು ನುಗ್ಗುವ ಗಜನಿ ಗದ್ದೆಯಲ್ಲಿ ಉಪ್ಪು ತಾಳುವ ಕಗ್ಗ ಭತ್ತ ಬೆಳೆಯುವ ಹಿರಿಯರೊಬ್ಬರು ನಡುವೆ ತಡೆದು ಕೇಳಿದರು: “ತಮಾ, ಸೇವೆ ಅಂದ್ರೆ ದೇವಸ್ಥಾನದಲ್ಲಿ ರಸೀದಿ ಮಾಡ್ಸೂದಲ್ದಾ? ಕಾಂಡ್ಲದ (ಮ್ಯಾಂಗ್ರೋವ್ ಗಿಡಗಳ) ಸೇವೆ ಅಂದ್ರೆ ನಾವು ಕಾಂಡ್ಲಕ್ಕೆ ಮಾಡೂದಾ, ಕಾಂಡ್ಲ ನಮಗೆ ಮಾಡೂದಾ?”

ಕುಳಿತವರು ನಕ್ಕರು, ಆದರೆ ಅವರು ವ್ಯಾಕರಣದ ಪ್ರಶ್ನೆಯನ್ನೇ ಕೇಳಿದ್ದರು. ‘ದೇವರ ಸೇವೆ’ಯಲ್ಲಿ ಷಷ್ಠಿ ವಿಭಕ್ತಿ ಸೇವೆ ಪಡೆಯುವವನನ್ನು ಸೂಚಿಸುತ್ತದೆ, ‘ನೌಕರರ ಸೇವೆ’ಯಲ್ಲಿ ಅದೇ ವಿಭಕ್ತಿ ಮಾಡುವವರನ್ನು ಸೂಚಿಸುತ್ತದೆ. ಕರಾವಳಿಯ ಕಿವಿಗೆ ಮೊದಲು ಕೇಳಿಸುವುದು ದೇವರ ಸೇವೆ, ಹರಕೆ ಹೊತ್ತವರು ಆಡಿಸುವ ಯಕ್ಷಗಾನದ ಸೇವೆಯಾಟ. ಆದ್ದರಿಂದ ‘ಪರಿಸರದ ಸೇವೆ’ ಎಂದಾಗ ಗಿಡ ನೆಡುವುದು, ಕಸ ಹೆಕ್ಕುವುದು ಎಂಬ ಅರ್ಥ ಮೂಡಿದರೆ ಕೇಳುಗರ ತಪ್ಪೇನೂ ಇಲ್ಲ. ಇನ್ನೊಂದು ತೊಡಕೆಂದರೆ, ಸೇವೆಗೆ ಯಾವಾಗಲೂ ಒಬ್ಬ ಒಡೆಯ ಬೇಕು, ಮಾಡುವವನು ಅವನಿಗಿಂತ ಕೆಳಗಿರಬೇಕು. ಅದೇ ಧಾತುವಿನಿಂದ ಬಂದ ‘ವಾಯುಸೇವನೆ’, ‘ಔಷಧಸೇವನೆ’ಗಳಲ್ಲಿ ಮಾತು ತೆಗೆದುಕೊಳ್ಳುವವನ ಕಡೆಗೆ ತಿರುಗುತ್ತದೆ ಎಂಬುದು ಕುತೂಹಲದ ಸಂಗತಿ, ನಮ್ಮ ಕೆಲಸಕ್ಕೆ ಮಾತ್ರ ಒದಗುವುದಿಲ್ಲ.

2005ರ ಸಹಸ್ರಮಾನದ ಪರಿಸರ ವ್ಯವಸ್ಥೆ ಮೌಲ್ಯಮಾಪನ ವರದಿಯು ಈ ‘ಸೇವೆ’ಗಳನ್ನು ನಾಲ್ಕು ಬಗೆಯಾಗಿ ವಿಂಗಡಿಸಿತು; ಪೂರೈಕೆ, ನಿಯಂತ್ರಣ, ಸಾಂಸ್ಕೃತಿಕ, ಪೋಷಕ ಎಂದು ನಾವು ಅವನ್ನು ಅನುವಾದಿಸುತ್ತಿದ್ದೇವೆ. ಪೂರೈಕೆ ಸರಿಯಿದೆ, ಪೋಷಕವೂ ನಡೆಯುತ್ತದೆ. ‘ಸಾಂಸ್ಕೃತಿಕ ಸೇವೆ’ ಎಂದೊಡನೆ ಮಾತ್ರ ವೇದಿಕೆ, ಶಾಲು, ಹಣ್ಣಿನ ಬುಟ್ಟಿ ಕಣ್ಣೆದುರು ಬರುತ್ತವೆ. ಊರದೈವ ಜಟಕನ ಬನವನ್ನು ಕಡಿಯದೆ ಉಳಿಸಿಕೊಂಡ ಊರಿನ ಮನಸ್ಸು ಆ ಮಾತಿನೊಳಗೆ ಬರುವುದಿಲ್ಲ. ‘ನಿಯಂತ್ರಣ’ದಲ್ಲಿ ಕಚೇರಿಯ ದನಿಯಿದೆ. ಕಾಂಡ್ಲವು ಗಜನಿಯ ಕಟ್ಟಿಗೆ ಬಡಿಯುವ ಅಲೆಯ ಬಿರುಸನ್ನು ಮುರಿಯುತ್ತದೆ. ಮಳೆಗಾಲದಲ್ಲಿ ಹೊಳೆಯ ಸಿಹಿನೀರು ಉಪ್ಪನ್ನು ಇಳಿಸಿದ ಮೇಲೆ ಕಗ್ಗ ಏಳುತ್ತದೆ. ಕೊಯ್ಲಾದ ಮೇಲೆ ಅದೇ ಗದ್ದೆಗೆ ಉಪ್ಪುನೀರು ಬಿಟ್ಟು ಸಿಗಡಿ, ಮೀನು ಹಿಡಿಯುತ್ತಾರೆ. ಇದನ್ನು ಆ ಹಿರಿಯರು ‘ನೀರು ಹದಕ್ಕೆ ಬರೂದು’ ಎಂದರು. ‘ಹದಗೊಳಿಸುವ’ ಎಂಬುದನ್ನು ‘ನಿಯಂತ್ರಣ’ದ ಜಾಗದಲ್ಲಿ ಇಡಬಹುದೆಂದು ನನಗೆ ಆಗಲೇ ಹೊಳೆಯಿತು.

ಒಟ್ಟು ಪರಿಕಲ್ಪನೆಗೆ ನಾನು ಸೂಚಿಸುತ್ತಿರುವುದು ‘ಕೊಡುಗೆ’. ಇದಕ್ಕೆ ಹೊರಗಿನ ಬೆಂಬಲವೂ ಇದೆ: ಜೀವವೈವಿಧ್ಯ ಕುರಿತು 2012ರಲ್ಲಿ ಸ್ಥಾಪನೆಯಾದ ಅಂತರಸರಕಾರಿ ವೇದಿಕೆಯು ಇತ್ತೀಚಿನ ವರ್ಷಗಳಲ್ಲಿ ‘ಜನರಿಗೆ ಪ್ರಕೃತಿಯ ಕೊಡುಗೆಗಳು’ ಎಂಬ ಅರ್ಥದ ಮಾತಿನತ್ತ ಹೊರಳಿದೆ. ಆದರೆ ನನ್ನನ್ನು ಒಲಿಸಿದ್ದು ನಮ್ಮದೇ ಹಳೆಯ ಬಳಕೆ. ಕಾದಾಡಿ ಮಡಿದವನ ಮನೆಯವರಿಗೆ ಬಿಟ್ಟ ಭೂಮಿ ‘ನೆತ್ತರುಗೊಡಗೆ’. ಕೆರೆ ಕಟ್ಟಿಸಿದ್ದಕ್ಕಾಗಿ, ಅದನ್ನು ಕಾಪಾಡಿಕೊಂಡು ಬರಲೆಂದು ಬಿಟ್ಟ ಭೂಮಿ ‘ಕಟ್ಟುಕೊಡಗೆ’. ಅಲ್ಲಿ ಕೊಡುಗೆಯೆಂದರೆ ಬಿಟ್ಟಿ ಸಿಕ್ಕಿದ್ದಲ್ಲ, ಅದರ ಬೆನ್ನಿಗೆ ಒಂದು ಹೊಣೆ ಅಂಟಿಕೊಂಡಿದೆ. ಈಗಿನ ಜಾಹೀರಾತುಗಳ ‘ಹಬ್ಬದ ವಿಶೇಷ ಕೊಡುಗೆ’ ಆ ಪದವನ್ನು ಸಾಕಷ್ಟು ಸವೆಸಿದೆ ಎಂಬ ಅಳುಕು ನನಗೂ ಇದೆ. ‘ಉಪಕಾರ’ವನ್ನೂ ಯೋಚಿಸಿದೆ, ಅದು ಮನಸ್ಸಿಟ್ಟು ಮಾಡುವವನನ್ನು ಕೇಳುತ್ತದೆ, ಕಾಂಡ್ಲಕ್ಕೆ ಆ ಇಚ್ಛೆಯನ್ನು ಆರೋಪಿಸುವುದು ಕವಿತೆಗೆ ಸರಿ, ಕೈಪಿಡಿಗೆ ಅಲ್ಲ.

ಇದೇ ಕೈಪಿಡಿಯ ನೆಲದ ವಿಂಗಡಣೆಯ ಪಟ್ಟಿಯಲ್ಲಿ ಇನ್ನೂ ದೊಡ್ಡ ತೊಡಕಿದೆ. ಮೂಲದಲ್ಲಿ ಕೃಷಿ, ಅರಣ್ಯ, ವಸತಿ, ಪಾಳು ಎಂಬಷ್ಟೇ ವರ್ಗಗಳಿವೆ. ಶಿರಸಿಯ ಅಡಿಕೆ ತೋಟಿಗರು ‘ಬೆಟ್ಟ’ ಎಂದರೆ ಅದು ಎತ್ತರದ ಗುಡ್ಡವಾಗಿರಲೇಬೇಕೆಂದಿಲ್ಲ. ತೋಟಕ್ಕೆ ಸೊಪ್ಪು, ದರಕು (ಒಣ ಎಲೆ) ತರಲು ಹಕ್ಕಿರುವ ಕಾಡು ಅದು, ಘಟ್ಟದ ಮೇಲೆ ಎಕರೆ ತೋಟಕ್ಕೆ ಒಂಬತ್ತು ಎಕರೆಯವರೆಗೆ ಬಿಟ್ಟದ್ದು. ದಟ್ಟ ನಿತ್ಯಹಸಿರು ಕಾಡಾದ ‘ಕಾನು’ ಬೇರೆ, ಹುಲ್ಲಿನ ‘ಬೇಣ’ ಬೇರೆ. ಈ ಒಂದೊಂದು ಹೆಸರಿನಲ್ಲಿಯೂ ಆ ನೆಲ ಏನು ಕೊಡುತ್ತದೆ, ಅದನ್ನು ಹೇಗೆ ಬಳಸಬೇಕು ಎಂಬುದು ಅಡಕವಾಗಿರುವಾಗ, ಅವನ್ನೆಲ್ಲ ‘ಅರಣ್ಯ’ ಮತ್ತು ‘ಪಾಳು’ ಎಂಬ ಎರಡು ಚೀಲಗಳಿಗೆ ತುಂಬಿ, ಅನಂತರ ಪ್ರತ್ಯೇಕ ಅಧ್ಯಾಯದಲ್ಲಿ ಅವುಗಳ ಕೊಡುಗೆಗಳನ್ನು ಎಣಿಸುವುದು ನನಗೆ ಒಂದೇ ಕೆಲಸವನ್ನು ಎರಡು ಸಲ ಮಾಡಿದಂತೆ ತೋರುತ್ತದೆ.

ಪಹಣಿಯ ಭಾಷೆ ಇದಕ್ಕಿಂತ ಕಠಿಣ. ಸಾಗುವಳಿಗೆ ಬಾರದ ಕಲ್ಲು, ತಗ್ಗು ‘ಅ’ ಖರಾಬು. ಹಳ್ಳ, ದಾರಿ, ಸ್ಮಶಾನ ‘ಬ’ ಖರಾಬು. ಇದರ ಪೂರ್ತಿ ಹೆಸರು ‘ಪೋಟ ಖರಾಬು’: ‘ಪೋಟ’ ಮರಾಠಿಯಲ್ಲಿ ಹೊಟ್ಟೆ, ‘ಖರಾಬ್’ ಕೆಟ್ಟದ್ದು. ಸರ್ವೆ ನಂಬರಿನ ಹೊಟ್ಟೆಯೊಳಗಿನ ಕೆಟ್ಟ ಭಾಗ ಎಂದಾಯಿತು. 1862ರಿಂದ 1956ರವರೆಗೆ ಮುಂಬಯಿ ಆಡಳಿತದಲ್ಲಿದ್ದ ನಮ್ಮ ಜಿಲ್ಲೆಗೆ ಈ ಮಾತು ಪರಕೀಯವೆನಿಸುವುದಿಲ್ಲ. ಊರಿಗೆಲ್ಲ ನೀರು ತರುವ ಹಳ್ಳವನ್ನು ಖರಾಬೆಂದು ಬರೆದ ಮೇಲೆ, ಅದರ ಎದುರಿನ ಕಾಲಮ್ಮಿನಲ್ಲಿ ‘ಸೇವೆ’ ಎಂದಾಗಲಿ ‘ಕೊಡುಗೆ’ ಎಂದಾಗಲಿ ಬರೆದರೆ ಓದುವವರು ಯಾವುದನ್ನು ನಂಬಬೇಕು? ಅಘನಾಶಿನಿ ಅಳಿವೆಯ 4,801 ಹೆಕ್ಟೇರು 2024ರಲ್ಲಿ ಅಂತರರಾಷ್ಟ್ರೀಯ ಮಹತ್ವದ ಜೌಗು ಪ್ರದೇಶಗಳ ರಾಮ್ಸಾರ್ ಪಟ್ಟಿಗೆ ಸೇರಿರುವುದರಿಂದ ಇಂಥ ಬರವಣಿಗೆ ಇನ್ನು ಹೆಚ್ಚಲಿದೆ. ಪದಗಳು ಈಗಲೇ ಕೂಡಿಬಂದರೆ ಒಳ್ಳೆಯದು.

ಆದ್ದರಿಂದ ಬಲ್ಲವರಲ್ಲಿ ಎರಡು ಕೇಳಿಕೆಗಳು. ‘ಪರಿಸರ ವ್ಯವಸ್ಥೆಯ ಕೊಡುಗೆಗಳು’ ಎಂಬ ರೂಪವನ್ನು ಈಗಾಗಲೇ ಯಾರಾದರೂ ಬಳಸಿದ್ದರೆ, ಓದುಗರು ಅದನ್ನು ಹೇಗೆ ತೆಗೆದುಕೊಂಡರೆಂದು ತಿಳಿಸಬೇಕು. ಹಾಗೆಯೇ ಅಂಕೋಲಾ, ಕಾರವಾರದ ಕಡೆಯವರು, ಭರತದಲ್ಲಿ ಮುಳುಗಿ ಇಳಿತದಲ್ಲಿ ತೆರೆದುಕೊಳ್ಳುವ, ಹೆಂಗಸರು ಬಳಚು (ಚಿಪ್ಪುಜೀವಿ) ಹೆಕ್ಕುವ ಆ ಕೆಸರುನೆಲಕ್ಕೆ ತಮ್ಮ ಮನೆಮಾತಿನಲ್ಲಿ ಏನೆನ್ನುತ್ತಾರೆಂದು ಬರೆಯಬೇಕು. ಕೈಪಿಡಿಯಲ್ಲಿ ಸದ್ಯಕ್ಕೆ ಆ ಜಾಗವನ್ನು ಖಾಲಿ ಬಿಟ್ಟಿದ್ದೇನೆ.