ಚಿಹ್ನೆ ಕೊನೆಗೆ ಬರುವ ಲೆಕ್ಕಕ್ಕೆ ‘ಕ್ರಿಯಾಂತ ಕ್ರಮ’ ಎನ್ನಬಹುದೇ?

ಮಾನ್ಯರೇ,

ಸಂಖ್ಯೆಗಳನ್ನು ಮೊದಲು ಒತ್ತಿ, ಕೂಡುವ ಅಥವಾ ಗುಣಿಸುವ ಚಿಹ್ನೆಯನ್ನು ಕೊನೆಗೆ ಒತ್ತುವ ಕ್ಯಾಲ್ಕುಲೇಟರುಗಳಿವೆ. ಈ ಪದ್ಧತಿಯನ್ನು ಇಂಗ್ಲಿಷಿನಲ್ಲಿ ರಿವರ್ಸ್ ಪೋಲಿಷ್ ನೊಟೇಶನ್ ಎನ್ನುತ್ತಾರೆ. ಕನ್ನಡದಲ್ಲಿ ಇದಕ್ಕೆ ಒಪ್ಪುವ ಹೆಸರು ಯಾವುದೆಂಬುದು ನನ್ನ ಪ್ರಶ್ನೆ. ಹ್ಯೂಲೆಟ್-ಪ್ಯಾಕರ್ಡ್ (ಎಚ್‌ಪಿ) ಕಂಪನಿಯ ಇಂಥ ಕ್ಯಾಲ್ಕುಲೇಟರುಗಳಾದ, 1972ರಲ್ಲಿ ಬಂದ ಎಚ್‌ಪಿ-35ರಲ್ಲಾಗಲಿ, 1981ರಲ್ಲಿ ಬಂದ ಎಚ್‌ಪಿ-12ಸಿಯಲ್ಲಾಗಲಿ ಸಮ ಚಿಹ್ನೆಯ ಕೀಲಿಯೇ ಇರಲಿಲ್ಲ, ಅದರ ಬದಲು ‘ಎಂಟರ್’ ಎಂಬ ದೊಡ್ಡ ಕೀಲಿಯಿತ್ತು. ಮೂರು ಮತ್ತು ನಾಲ್ಕನ್ನು ಕೂಡಿಸಿ ಬಂದುದನ್ನು ಐದರಿಂದ ಗುಣಿಸಬೇಕೆಂದರೆ 3, ಎಂಟರ್, 4, +, 5, × ಎಂದು ಒತ್ತಿದರಾಯಿತು. ಆವರಣ ಚಿಹ್ನೆಯ ಹಂಗಿಲ್ಲದೆ 35 ಬರುತ್ತದೆ.

ನಾನು ಈ ಯಂತ್ರವನ್ನು ಹಿಡಿದ ಕೆಲವೇ ದಿನಗಳಲ್ಲಿ ಒಂದು ಸಂಗತಿ ಮನಸ್ಸಿಗೆ ಹತ್ತಿತು. ‘ಹನ್ನೆರಡರಲ್ಲಿ ಐದನ್ನು ಕಳೆ’ ಎಂದು ಬಾಯಲ್ಲಿ ಹೇಳಿಕೊಳ್ಳುತ್ತಿದ್ದಂತೆ ಬೆರಳು 12, ಎಂಟರ್, 5, − ಎಂದು ಅದೇ ಸಾಲಿನಲ್ಲಿ ಹೋಗುತ್ತದೆ. ‘ಹನ್ನೆರಡನ್ನು ನಾಲ್ಕರಿಂದ ಭಾಗಿಸು’ ಎಂಬಲ್ಲಿಯೂ ಹಾಗೆಯೇ. ಕ್ರಿಯಾಪದವನ್ನು ವಾಕ್ಯದ ಕೊನೆಗೆ ಇಡುವ ನಮಗೆ ಇದು ತಿರುಗುಮುರುಗಾದ ಕ್ರಮವೇ ಅಲ್ಲ. ವ್ಯತ್ಯಾಸವಿರುವುದು ಒಂದೇ ಕಡೆ: ನಾವು ‘ಐದನ್ನು ಹನ್ನೆರಡರಿಂದ ಕಳೆ’ ಎಂದು ಪದಗಳ ಸ್ಥಾನ ಬದಲಿಸಿದರೂ ವಿಭಕ್ತಿ ಪ್ರತ್ಯಯಗಳು ಅರ್ಥವನ್ನು ಕಾಯುತ್ತವೆ, ಯಂತ್ರಕ್ಕೆ ವಿಭಕ್ತಿಯಿಲ್ಲವಾದ್ದರಿಂದ ಅಲ್ಲಿ ಸಂಖ್ಯೆಗಳ ಕ್ರಮವೇ ಆ ಕೆಲಸವನ್ನು ಮಾಡಬೇಕು.

ಆದ್ದರಿಂದ ‘ವಿಲೋಮ ಪೋಲಿಷ್ ಸಂಕೇತನ’ ಎಂಬ ನೇರ ಅನುವಾದ ನನಗೆ ಹಿಡಿಸುವುದಿಲ್ಲ. ‘ವಿಲೋಮ ಅನುಪಾತ’ವನ್ನು ಓದಿದ ವಿದ್ಯಾರ್ಥಿಗೆ ಇದು ಬೇರೆಯೇ ಗಣಿತವೆನಿಸುತ್ತದೆ. ‘ಪೋಲಿಷ್’ ಎಂಬ ಮಾತು ಚಿಹ್ನೆಯನ್ನು ಮೊದಲಿಗೆ ಬರೆಯುವ ಪದ್ಧತಿಯನ್ನು ರೂಪಿಸಿದ ಪೋಲೆಂಡಿನ ತರ್ಕಶಾಸ್ತ್ರಜ್ಞ ಯಾನ್ ವುಕಾಶೆವಿಚ್ ಅವರ ದೇಶವನ್ನು ಸೂಚಿಸುತ್ತದೆಯೇ ಹೊರತು ವಿಧಾನವನ್ನಲ್ಲ.

‘ಸ್ವರಾಂತ’, ‘ವ್ಯಂಜನಾಂತ’ ಎಂಬ ಮಾತುಗಳು ನಮ್ಮ ವ್ಯಾಕರಣದಲ್ಲಿ ಬಳಕೆಯಲ್ಲಿವೆ. ಅದೇ ಜಾಡಿನಲ್ಲಿ ಇದನ್ನು ‘ಕ್ರಿಯಾಂತ ಕ್ರಮ’ ಎಂದೂ, ವುಕಾಶೆವಿಚ್ ಅವರದನ್ನು ‘ಕ್ರಿಯಾದಿ ಕ್ರಮ’ ಎಂದೂ, ಶಾಲೆಯಲ್ಲಿ ಕಲಿತ 3 + 4 ಎಂಬುದನ್ನು ‘ಕ್ರಿಯಾಮಧ್ಯ ಕ್ರಮ’ ಎಂದೂ ಕರೆಯಬಹುದೆಂದು ತೋರುತ್ತದೆ. ಕೂಡುವುದು, ಕಳೆಯುವುದು ಮೊದಲಾದವನ್ನು ಗಣಿತದಲ್ಲಿ ‘ಕ್ರಿಯೆ’ ಎಂದೇ ಕರೆಯುವುದರಿಂದ ವ್ಯಾಕರಣ ಮತ್ತು ಲೆಕ್ಕ ಎರಡಕ್ಕೂ ಈ ಪದ ಹೊಂದುತ್ತದೆ. ಆದರೆ ಸಮಾಸವನ್ನು ಹಿಂದುಮುಂದು ಮಾಡಿ ‘ಅಂತ್ಯಕ್ರಿಯೆ’ ಎಂದು ಮಾತ್ರ ಬರೆಯಬಾರದು. ಅದು ಶವಸಂಸ್ಕಾರದ ಮಾತು. ಅಚ್ಚಗನ್ನಡವೇ ಬೇಕೆನ್ನುವವರಿಗೆ ‘ಕೊನೆಗುರುತು’ ಎಂಬುದೂ ಆದೀತು, ಆದರೆ ಅದರಲ್ಲಿ ಕ್ರಿಯೆಯ ಸುಳಿವಿಲ್ಲ.

ಇದರೊಡನೆ ಇನ್ನೊಂದು ಪದವೂ ಬೇಕಾಗಿದೆ. ಎಚ್‌ಪಿ-35ರಲ್ಲಿ ಒತ್ತಿದ ಸಂಖ್ಯೆಗಳು ಒಂದರ ಮೇಲೊಂದು ನಾಲ್ಕು ಅಂತಸ್ತುಗಳಲ್ಲಿ ಕೂರುತ್ತವೆ, ಚಿಹ್ನೆಯನ್ನು ಒತ್ತಿದಾಗ ಕೆಳಗಿನ ಎರಡು ಸೇರಿ ಒಂದಾಗುತ್ತವೆ. ಈ ‘ಸ್ಟ್ಯಾಕ್’ಗೆ ‘ರಾಶಿ’ ಎಂದರೆ ಒಟ್ಟಾರೆ ಸುರಿದ ಗುಡ್ಡೆಯ ಭಾವ ಬರುತ್ತದೆ, ಜೊತೆಗೆ ಗಣಿತದಲ್ಲಿ ಆ ಪದಕ್ಕೆ ಬೇರೆ ಅರ್ಥವೂ ಇದೆ. ‘ಪೇರಿಸು’ ಧಾತುವಿನಿಂದ ‘ಪೇರಿಕೆ’ ಎಂದು ಮಾಡಿದರೆ ಹೇಗೆ? ತಟ್ಟೆಗಳನ್ನೋ ಹುಲ್ಲಿನ ಹೊರೆಗಳನ್ನೋ ಪೇರಿಸುವ ಮಾತನ್ನು ದಿನವೂ ಆಡುವವರು, ಅದರಲ್ಲೂ ಕರಾವಳಿ ಮತ್ತು ಉತ್ತರ ಕರ್ನಾಟಕದವರು, ತಮ್ಮ ಕಡೆ ಇದಕ್ಕೆ ಬೇರೆ ಪದವಿದ್ದರೆ ದಯವಿಟ್ಟು ತಿಳಿಸಬೇಕು.